ಕಿಟಕಿ ಪಕ್ಕದ ಹಲಗೆ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಇಬ್ಬರು ಹೆಂಗಸರು ಬಂದರು. ಹಿರಿಯಳು ಹಿಂದಿನ ದಿನ ಸಂಜೆ ಕಟ್ಟಡದ ಮೂರನೇ ಮಹಡಿಯಿಂದ ಬಿದ್ದು ಸತ್ತ ಮೇಸ್ತ್ರಿಯ ಹೆಂಡತಿ. ಕಿರಿಯಳು ಅದೇ ಕಟ್ಟಡದಲ್ಲಿ ಗೋಡೆಯ ಸಂದಿ, ತೂತು ಮುಚ್ಚುವ ಬಿಳಿ ಪುಟ್ಟಿ ಬಳಿಯುವವಳು. ಕೆಲಸದ ಜಾಗದಲ್ಲಿ ಎಲ್ಲರಿಗೂ ಪುಟ್ಟಿ ಅಕ್ಕ. ಕಿರಿಯಳು ಹಿರಿಯಳ ರಟ್ಟೆ ಹಿಡಿದು, ಬೆಂಚಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಕೂರಿಸಿದಳು.

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಸಾವಿನ ಮನೆಯವರ ಬಾಯಿಂದ ಮೊದಲು ಬರುವ ಮಾತೇನು ಎಂದು ಗಮನಿಸುವುದು ಅವರ ಹಳೆಯ ಚಾಳಿ. ಕೆಲವರು ದೇವರನ್ನು ಬೈಯುತ್ತಾರೆ, ಕೆಲವರು ನೆಂಟರನ್ನು. ಈಕೆ ಇಬ್ಬರ ತಂಟೆಗೂ ಹೋಗಲಿಲ್ಲ.

"ಅವರು ಕುಡಿದಿರಲಿಲ್ಲ ಸಾರ್. ಮೊದಲು ಅದನ್ನ ಬರ್ಕೊಳ್ಳಿ."

"ಕುಡಿದಿದ್ರು ಅಂತ ಯಾರಮ್ಮ ಹೇಳಿದ್ದು?"

"ಯಾರೂ ಹೇಳಿಲ್ಲ. ಹೇಳೋಕ್ ಮುಂಚೆ ಬರ್ಕೊಳ್ಳಿ."

ಪುಟ್ಟಿ ಅಕ್ಕ ನೆಲ ನೋಡುತ್ತ ನಿಂತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಒಣಗಿದ ಪುಟ್ಟಿ ಬೆಳ್ಳಗೆ ಕೂತಿತ್ತು.

ಮೇಸ್ತ್ರಿಯ ಹೆಂಡತಿ ದೂರು ಕೊಟ್ಟದ್ದು ಗುತ್ತಿಗೆದಾರನ ಮೇಲೆ. ಗೋಡೆಯ ಹಲಗೆ ಮೇಸ್ತ್ರಿಯ ಸಮೇತ ಕಿತ್ತು ಬಂದಿತ್ತು, ಹಲಗೆಯಲ್ಲಿದ್ದ ಸ್ಕ್ರೂಗಳೆಲ್ಲ ಗಿಡ್ಡವಾಗಿದ್ದವು, ಕಾಸಿನ ಆಸೆಗೆ ಗುತ್ತಿಗೆದಾರ ಗಿಡ್ಡ ಸ್ಕ್ರೂ ಕೊಟ್ಟು ತನ್ನ ಗಂಡನನ್ನು ಕೊಂದ ಎಂದಳು. ಅಜಾಗರೂಕತೆಯಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ದೂರಿನ ಮೊದಲ ಸಾಲು ಅವಳು ಹೇಳಿದಂತೆಯೇ ಇತ್ತು: ಮೃತನು ಘಟನೆಯ ವೇಳೆ ಮದ್ಯಪಾನ ಮಾಡಿರಲಿಲ್ಲ.

ಹೆಂಗಸರು ಹೋದ ಮೇಲೆ ದಫೇದಾರರು ಹತ್ತಿರ ಬಂದರು. ಈ ಠಾಣೆಯಲ್ಲೇ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. "ಬಿದ್ದು ಸತ್ತ ಕೇಸು ಸಾರ್. ಊಟದ ಹೊತ್ತಿಗೆ ಮುಗಿಸಿಬಿಡಬಹುದು."

"ಊಟ ಎಲ್ಲಿಗೂ ಓಡಿಹೋಗಲ್ಲ. ಜೀಪ್ ತೆಗೆಸಿ," ಎಂದರು ಇನ್ಸ್‌ಪೆಕ್ಟರ್.

ಕಟ್ಟಡ ಇನ್ನೂ ಮೈ ಮುಚ್ಚಿಕೊಳ್ಳುತ್ತಿತ್ತು. ಇಟ್ಟಿಗೆ ಗೋಡೆಯದ್ದಲ್ಲ ಅದು. ಉಕ್ಕಿನ ಕಂಬಗಳನ್ನು ಎರಡೆರಡು ಅಡಿಗೆ ಒಂದರಂತೆ ನಿಲ್ಲಿಸಿ, ಅವುಗಳ ಮೇಲೆ ಬಿಸಿಲು ತಡೆಯಲು ಥರ್ಮಾಕೋಲಿನ ದಪ್ಪ ಪದರ ಕೂರಿಸಿ, ಅದರ ಮೇಲೆ ಸಿಮೆಂಟಿನ ಹಲಗೆ ಇಟ್ಟು, ಮೂರನ್ನೂ ಸೇರಿಸಿ ಸ್ಕ್ರೂ ಹೊಡೆಯುತ್ತಾರೆ. ಸ್ಕ್ರೂವಿನ ತುದಿ ಉಕ್ಕನ್ನು ಕಚ್ಚಿದರೆ ಅದು ಗೋಡೆ. ಕಚ್ಚದಿದ್ದರೂ ನೋಡುವವರಿಗೆ ಗೋಡೆಯೇ; ಒರಗಿಸಿಟ್ಟ ಹಲಗೆ ಎಂದು ಗೊತ್ತಾಗುವುದು ಅದು ಕೆಳಗೆ ಬಂದ ದಿನ.

ಬಿದ್ದ ಹಲಗೆ ಮರಳ ರಾಶಿಯ ಪಕ್ಕದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಪಂಚರನ್ನು ಕರೆಸಿ ಹನ್ನೊಂದು ಗಂಟೆಗೆ ಪಂಚನಾಮೆ ಶುರುವಾಯಿತು. ಹಲಗೆಯನ್ನು ಮಗುಚಿ ನೋಡಿದರೆ ಸ್ಕ್ರೂಗಳ ತುದಿ ಹಿಂಬದಿಯಲ್ಲಿ ಉಗುರಿನಷ್ಟು ಮಾತ್ರ ಇಣುಕುತ್ತಿತ್ತು. ಥರ್ಮಾಕೋಲನ್ನು ಚುಚ್ಚಲು ಸಾಕು, ಉಕ್ಕನ್ನು ಮುಟ್ಟಲು ಸಾಲದು.

ಗುತ್ತಿಗೆದಾರ ಬೆವರು ಒರೆಸಿಕೊಳ್ಳುತ್ತ ಎರಡು ಡಬ್ಬಿ ತಂದು ತೋರಿಸಿದ. "ಗಿಡ್ಡದ್ದು ಒಳಗಿನ ಗೋಡೆಗೆ, ಉದ್ದದ್ದು ಹೊರಗಿನದಕ್ಕೆ. ಎರಡೂ ಬೇಕಾದಷ್ಟಿದೆ, ನೋಡಿ. ಅದು ಹಾಕೋ ಕಡೆ ಇದು ಹಾಕಿದಾನೆ. ತನ್ನ ಗುಂಡಿ ತಾನೇ ತೋಡ್ಕೊಂಡ. ನನ್ನನ್ನ ಯಾಕೆ ಎಳೀತೀರಿ?"

"ನಿಮ್ಮನ್ನ ಎಳೆಯೋಕೆ ಇನ್ನೂ ಟೈಮಿದೆ. ಮೇಲೆ ಹತ್ತೋದು ಹೇಗೆ?"

ಕಟ್ಟಡಕ್ಕೆ ಆನಿಸಿ ಕಟ್ಟಿದ್ದ ಕಬ್ಬಿಣದ ಸಾರುವೆಯ ಮೇಲೆ ಇನ್ಸ್‌ಪೆಕ್ಟರ್ ಹತ್ತಿದರು. ದಫೇದಾರರು ಮೊಣಕಾಲಿನ ಕಡೆ ಕೈ ತೋರಿಸಿ ಕೆಳಗೇ ಉಳಿಯಲು ನೋಡಿದರು. ಸಾಹೇಬರ ಮುಖ ನೋಡಿ ಅವರೂ ಹತ್ತಿದರು. ಮೂರನೇ ಮಹಡಿಯಲ್ಲಿ ಕಿಟಕಿಗೆಂದು ಬಿಟ್ಟ ಕಂಡಿಯ ಪಕ್ಕದಲ್ಲಿ, ಹಲಗೆ ಇದ್ದ ಜಾಗದಲ್ಲಿ, ಹರಿದ ಥರ್ಮಾಕೋಲ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಸರಿಸಿ ಉಕ್ಕಿನ ಕಂಬ ನೋಡಿದ ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು.

ಕಂಬದಲ್ಲಿ ತೂತುಗಳಿದ್ದವು. ಮೇಲಿನಿಂದ ಕೆಳಗೆ, ಗೇಣಿಗೊಂದರಂತೆ, ಸಾಲಾಗಿ. ಬೆರಳಿಟ್ಟರೆ ಸ್ಕ್ರೂವಿನ ಎಳೆ ಕೊರೆದ ಗುರುತು ತಾಗುತ್ತಿತ್ತು.

ಮೇಸ್ತ್ರಿಯ ಜೊತೆ ಹಲಗೆ ಎತ್ತಿ ಹಿಡಿಯುತ್ತಿದ್ದವನನ್ನು ಕರೆಸಿದರು. ಅವನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಸಾರುವೆಯ ಮೇಲೆ ಅವನ ತಲೆ ಸದಾ ಮೇಲಿನ ಕೊಳವೆಗೆ ಬಡಿಯುತ್ತಿತ್ತು.

"ಈ ತೂತು ಯಾವ ಸ್ಕ್ರೂದು?"

ಉದ್ದಣ್ಣ ಬಗ್ಗಿ ನೋಡಿದ. "ಉದ್ದದ್ದು ಸಾರ್. ಗಿಡ್ಡದ್ದು ಇಲ್ಲಿವರೆಗೆ ಬರಲ್ಲ."

"ಅಂದ್ರೆ ಮೇಸ್ತ್ರಿ ಉದ್ದದ್ದೇ ಹೊಡೆದಿದ್ದ?"

"ನಾನೇ ಹಲಗೆ ಹಿಡಿದಿದ್ದೆ. ಮೊನ್ನೆ ಸಂಜೆ. ಒಂದೂ ಬಿಡದೆ ಹೊಡೆದರು."

"ಆಮೇಲೆ ಯಾರೋ ತೆಗೆದು ಗಿಡ್ಡದ್ದು ಹಾಕಿದಾರೆ."

ಕೆಳಗಿದ್ದ ಗುತ್ತಿಗೆದಾರನಿಗೆ ಹೋದ ಜೀವ ಬಂದಂತಾಯಿತು. ಪಂಚನಾಮೆಗೆ ಈ ತೂತುಗಳನ್ನು ಸೇರಿಸಿಕೊಂಡಿರಾ ಎಂದು ಕೆಳಗಿನಿಂದಲೇ ಎರಡು ಸಲ ಕೇಳಿದ.

ಇನ್ಸ್‌ಪೆಕ್ಟರ್ ಅಕ್ಕಪಕ್ಕದ ಹಲಗೆಗಳನ್ನು ನೋಡಿದರು. ಸ್ಕ್ರೂ ತಲೆಗಳನ್ನು ಮುಚ್ಚಿದ ಪುಟ್ಟಿಯ ಬೊಟ್ಟುಗಳು ಅಚ್ಚುಕಟ್ಟಾಗಿ ಸಾಲುಗಟ್ಟಿದ್ದವು. ಚಾಕುವಿನಿಂದ ಒಂದು ಬೊಟ್ಟು ಕೆರೆದರು. ಅಡಿಯಲ್ಲಿ ಸ್ಕ್ರೂ ಇತ್ತು. ಇನ್ನೊಂದು ಕೆರೆದರು. ಇರಲಿಲ್ಲ. ಬರೀ ಹಲಗೆ. ಮತ್ತೊಂದು, ಅದರ ಪಕ್ಕದ್ದು, ಬರೀ ಹಲಗೆ.

"ಇದೇನಿದು?"

"ಹೊಟ್ಟೆ ಮೇಲೆ ಹೊಡೀಬೇಡಿ ಸಾರ್," ಎಂದ ಉದ್ದಣ್ಣ. "ಬೇಗ ಮುಗಿಸು ಅಂತ ಮೇಲಿನಿಂದ ಒತ್ತಡ. ಎರಡು ಹೊಡೆದು ಎರಡು ಬಿಡೋದು. ಬಿಟ್ಟ ಕಡೆ ಪುಟ್ಟಿ ಅಕ್ಕನ ಕೈಲಿ ಬೊಟ್ಟು ಇಡ್ಸೋದು. ಇಂಜಿನಿಯರು ಬೊಟ್ಟು ನೋಡಿ ಹೋಗ್ತಾರೆ."

"ಬಿದ್ದ ಹಲಗೆಗೆ ಮಾತ್ರ ಒಂದೂ ಬಿಟ್ಟಿಲ್ಲ. ಅದ್ಯಾಕೆ?"

"ಕಿಟಕಿ ಪಕ್ಕದ್ದು ಮೇಸ್ತ್ರಿ ಹಲಗೆ. ಯಾವ ಮಹಡಿಲಾದ್ರೂ ಅದನ್ನ ಇನ್ನೊಬ್ಬರ ಕೈಗೆ ಕೊಡ್ತಿರಲಿಲ್ಲ. ಕಂಡಿ ಕಡೆ ಹಲಗೆ ಅಂಚು ಸ್ವಲ್ಪ ಹೊರಗಿರುತ್ತಲ್ಲ, ಪುಟ್ಟಿ ಒಣಗಿದ ಮೇಲೆ ಇಂಜಿನಿಯರ್ ಎದುರಿಗೆ ಅಲ್ಲಿ ಕೈ ಸಿಗಿಸಿ ಹಿಂದಕ್ಕೆ ಜೋತುಬೀಳ್ತಿದ್ರು. ನೋಡಿ, ನನ್ನ ಗೋಡೆ ನನ್ನನ್ನ ಬಿಡಲ್ಲ ಅಂತ. ನಿನ್ನೆ ಸಂಜೆನೂ ಹಾಗೇ ಮಾಡಿದ್ರು."

"ಬೆಲ್ಟ್ ಇಲ್ಲದೆ?"

"ಬೆಲ್ಟ್ ಹಾಕ್ಕೊಂಡ್ರೆ ನಂಬಿಕೆ ಇಲ್ಲ ಅಂತಾಗುತ್ತೆ ಅಂತಿದ್ರು."

"ಯಾವಾಗಿಂದ ಈ ಸರ್ಕಸ್ಸು?"

"ಎರಡು ವರ್ಷ ಆಯ್ತು."

"ಅದಕ್ಕೆ ಮುಂಚೆ?"

"ಇರಲಿಲ್ಲ."

"ಎರಡು ವರ್ಷದ ಹಿಂದೆ ಏನಾಯ್ತು?"

ಉದ್ದಣ್ಣ ದಫೇದಾರರ ಮುಖ ನೋಡಿದ. ದಫೇದಾರರು ಕೆಳಗಿನ ಬೀದಿಯಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎನ್ನುವಂತೆ ಅತ್ತ ನೋಡುತ್ತಿದ್ದರು.

"ಪುಟ್ಟಿ ಅಕ್ಕನ ಗಂಡ ಬಿದ್ದ ಸಾರ್," ಎಂದ ಉದ್ದಣ್ಣ. "ಬೇರೆ ಕಟ್ಟಡದಲ್ಲಿ. ಕಿಟಕಿ ಪಕ್ಕದ ಹಲಗೆ ಹಿಡ್ಕೊಂಡು ದಾಟೋಕ್ ಹೋದ. ಹಲಗೆ ಕೈಗೆ ಬಂತು."

ಠಾಣೆಗೆ ವಾಪಸಾದ ಮೇಲೆ ಹಳೆಯ ಫೈಲು ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲಿದೆ ಎಂದು ದಫೇದಾರರಿಗೆ ಗೊತ್ತಿತ್ತು. ಮದ್ಯದ ಅಮಲಿನಲ್ಲಿ ಆಯತಪ್ಪಿ ಬಿದ್ದು ಮೃತಪಟ್ಟಿರುತ್ತಾನೆ, ಸ್ವಂತ ಅಜಾಗರೂಕತೆ, ಪ್ರಕರಣ ಮುಕ್ತಾಯ. ಅಕ್ಷರ ದುಂಡಗಿತ್ತು, ದಫೇದಾರರದ್ದು.

"ವಾಸನೆ ನೀವೇ ನೋಡಿದ್ರಾ?"

"ಮೇಸ್ತ್ರಿ ಹೇಳಿದ ಸಾರ್."

"ರಕ್ತ ಪರೀಕ್ಷೆಗೆ ಕಳಿಸಿದ್ರಾ?"

"ಇಲ್ಲ ಸಾರ್."

"ಹಲಗೆ ತಿರುಗಿಸಿ ನೋಡಿದ್ರಾ?"

ದಫೇದಾರರು ಟೋಪಿಯ ಒಳಗಿನ ಬಟ್ಟೆಯನ್ನು ಹೆಬ್ಬೆರಳಿನಿಂದ ತೀಡುತ್ತ ನಿಂತರು. ಇನ್ಸ್‌ಪೆಕ್ಟರ್‌ಗೆ ಅವರ ಮೇಲೆ ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ. ತಾವು ಬೆಳಿಗ್ಗೆ ಊಟದ ಹೊತ್ತಿಗೆ ಮುಗಿಸಿದ್ದರೆ ಈ ಫೈಲೂ ಅದರ ಪಕ್ಕದಲ್ಲೇ ಹೋಗಿ ಕೂರುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಉಳಿದ ಲೆಕ್ಕ ಸುಲಭದ್ದು. ಮೇಸ್ತ್ರಿ ಮೊನ್ನೆ ಸಂಜೆ ಹಲಗೆ ಬಿಗಿದ. ನಿನ್ನೆ ಬೆಳಿಗ್ಗೆ ಉಳಿದವರೆಲ್ಲ ಕೆಳಗೆ ಲಾರಿಯಿಂದ ಸಾಮಾನು ಇಳಿಸುತ್ತಿದ್ದರು. ಮೂರನೇ ಮಹಡಿಯಲ್ಲಿ ಇದ್ದವಳು ಪುಟ್ಟಿ ಬಳಿಯುವವಳು ಒಬ್ಬಳೇ. ಪ್ರತಿ ಗಿಡ್ಡ ಸ್ಕ್ರೂವಿನ ತಲೆಯ ಮೇಲೂ ಇದ್ದದ್ದು ಅವಳ ಕೈಯ ಒಂದೇ ಪದರದ ಬೊಟ್ಟು. ಕೆರೆದು ಮತ್ತೆ ಮುಚ್ಚಿದ ಗುರುತು ಇರಲಿಲ್ಲ; ಅಂದರೆ ಅವಳು ಪುಟ್ಟಿ ಇಡುವ ಮೊದಲೇ ಸ್ಕ್ರೂ ಬದಲಾಗಿತ್ತು. ಇನ್ಸ್‌ಪೆಕ್ಟರ್ ಮತ್ತೆ ಕಟ್ಟಡಕ್ಕೆ ಹೋಗಿ ಅವಳ ಬಕೆಟ್ ಕೇಳಿದರು. ಅಡಿಯಲ್ಲಿ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಪಂಚರ ಎದುರು ಸುತ್ತಿಗೆಯಿಂದ ಒಡೆಸಿದಾಗ ಒಳಗಿಂದ ಉದ್ದನೆಯ ಸ್ಕ್ರೂಗಳು ಉದುರಿದವು. ಅವುಗಳ ತುದಿಯಲ್ಲಿ ಉಕ್ಕಿನ ಪುಡಿ ಇನ್ನೂ ಮಿನುಗುತ್ತಿತ್ತು.

ಸಂಜೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಅವಳನ್ನು ಹುಡುಕಿಕೊಂಡು ಹೋದರೆ ಅವಳು ತನ್ನ ಮನೆಯಲ್ಲಿರಲಿಲ್ಲ, ಮೇಸ್ತ್ರಿಯ ಮನೆಯಲ್ಲಿದ್ದಳು. ಮುಂದಿನ ಕೋಣೆಯಲ್ಲಿ ನೆಂಟರು ಗೋಡೆಗೆ ಒರಗಿ ಕೂತಿದ್ದರು. ಅವಳು ಅಡುಗೆಮನೆಯಲ್ಲಿ ಬಂದವರು ಕುಡಿದಿಟ್ಟ ಲೋಟಗಳನ್ನು ತೊಳೆಯುತ್ತಿದ್ದಳು.

ಇನ್ಸ್‌ಪೆಕ್ಟರ್ ಜೇಬಿನಿಂದ ಒಂದು ಉದ್ದನೆಯ ಸ್ಕ್ರೂ ತೆಗೆದು ಕಟ್ಟೆಯ ಮೇಲಿಟ್ಟರು. ಅವಳು ಅದನ್ನು ನೋಡಿದಳು. ನಲ್ಲಿ ನಿಲ್ಲಿಸಿದಳು.

"ಇನ್ನು ನಾಲ್ಕೇ ಲೋಟ ಇದೆ. ತೊಳೆದು ಬರ್ಲಾ?"

"ತೊಳಿ."

ತೊಳೆಯುತ್ತಲೇ ಹೇಳಿದಳು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಹಲಗೆ ಕದಲುತ್ತದೆಂದು ಒಂದು ಬಿಚ್ಚಿ ಒಂದು ಹಾಕಿದ್ದಳು. ಹಲಗೆಯ ಅಡಿಗೆ ಆನಿಸಿದ ಕಬ್ಬಿಣದ ಪಟ್ಟಿ ಅದರ ಭಾರ ಹೊರುತ್ತದೆ, ಸಂದಿಯ ಪುಟ್ಟಿ ಒಂದು ದಿನ ತಡೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಲಿಸಿದವನು ಮೇಸ್ತ್ರಿಯೇ.

"ಗಂಡ ಸತ್ತ ಮೇಲೆ ಕರೆದು ಕೆಲಸ ಕೊಟ್ರು. ಎಲ್ಲರೂ ಹೊಗಳಿದ್ರು, ನಾನೂ ಕೈ ಮುಗಿದೆ. ಮೊದಲನೇ ದಿನವೇ ಹೇಳಿಕೊಟ್ರು, ಸ್ಕ್ರೂ ಇಲ್ಲದಿದ್ದ ಕಡೇನೂ ಒಂದು ಬೊಟ್ಟು ಇಡು ಅಂತ. ಇಟ್ಟೆ. ಎಷ್ಟೋ ದಿನ ಆದಮೇಲೆ ಹೊಳೀತು, ಅವನು ಹಿಡ್ಕೊಂಡ ಹಲಗೆ ಮೇಲೂ ಇಂಥದೇ ಬೊಟ್ಟು ಇದ್ದಿರ್ಬೇಕು ಅಂತ. ಆದರೂ ಸುಮ್ನಿದ್ದೆ. ಗ್ಯಾರಂಟಿ ಇರಲಿಲ್ಲ."

"ಆಮೇಲೆ ಹೇಗೆ ಗ್ಯಾರಂಟಿ ಆಯ್ತು?"

"ಕಿಟಕಿ ಹಲಗೆಗೆ ಮಾತ್ರ ಒಂದೂ ಬಿಡದೆ ಹೊಡೀತಿದ್ರಲ್ಲ. ಜೋತುಬಿದ್ದು ನೋಡ್ತಿದ್ರಲ್ಲ. ಕುಡಿದು ಬಿದ್ದ ಅಂತ ನಿಜವಾಗ್ಲೂ ಅಂದ್ಕೊಂಡಿದ್ರೆ ಹಲಗೆ ಮೇಲೆ ಯಾಕೆ ಅನುಮಾನ ಬರ್ಬೇಕು?"

"ಠಾಣೆಗೆ ಬರಬಹುದಿತ್ತು."

"ಎರಡು ಸಲ ಬಂದೆ. ಫೈಲು ಮುಗಿದಿದೆ ಅಂದ್ರು." ಯಾರು ಅಂದರು ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. "ಅವನು ಬಾಟ್ಲಿ ಮುಟ್ಟಿದವನೇ ಅಲ್ಲ ಸಾರ್. ನನ್ನ ಮಗಳನ್ನ ಶಾಲೇಲಿ ಕುಡುಕನ ಮಗಳು ಅಂತಾರೆ. ಅದೊಂದು ಸಾಲು ತಿದ್ದಿ. ನನಗೆ ಏನು ಬೇಕಾದ್ರೂ ಮಾಡಿ."

"ನೀನು ಹೇಳಿದ್ದು ಬರೀತೀನಿ. ಆದರೆ ಅದು ನಿಜ ಅಂತ ಹೇಳೋಕೆ ಒಬ್ಬನೇ ಸಾಕ್ಷಿ ಇದ್ದ. ಅವನನ್ನೇ ನೀನು..."

ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅಳುತ್ತಿರಲಿಲ್ಲ.

"ನಿನ್ನ ಗಂಡ ಕುಡಿದಿರಲಿಲ್ಲ," ಎಂದಳು. "ಆವತ್ತು ರಾತ್ರಿ ನಮ್ಮೋರು ಬಂದು ಇಲ್ಲೇ ಕೂತು ಹೇಳಿದ್ರು. ಸ್ಕ್ರೂ ಬಿಟ್ಟಿದ್ದು ನಾನು, ಅವನ ತಲೆಗೆ ಕಟ್ಟಿ ಬಂದೆ ಅಂತ. ಅನ್ನ ಸೇರಲಿಲ್ಲ ಅವರಿಗೆ."

ಪುಟ್ಟಿ ಅಕ್ಕ ಕೊನೆಯ ಲೋಟವನ್ನು ಬೋರಲು ಹಾಕಿದಳು.

"ಎರಡು ವರ್ಷ ನಿನ್ನ ಕೈಯಲ್ಲಿ ಊಟ ಮಾಡಿದೀನಲ್ಲಕ್ಕ. ಒಂದು ದಿನ ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತು. ನಾನು ಸ್ಕ್ರೂ ಮುಟ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದರು. "ಈಗ ಹೇಳಿದ್ದನ್ನ ಬರೆದುಕೊಳ್ತೀನಿ. ಸಹಿ ಹಾಕ್ತೀರಾ?"

ಅವಳು ಮುಂದಿನ ಕೋಣೆಯಲ್ಲಿ ಕೂತ ನೆಂಟರ ಕಡೆ ನೋಡಿದಳು.

"ನನಗೂ ಮಕ್ಕಳಿದಾರೆ ಸಾರ್. ನಾನೇನೂ ಹೇಳಿಲ್ಲ," ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಆರೂಮುಕ್ಕಾಲಿಗೆ ಬಂಧನ ದಾಖಲಾಯಿತು. ಪ್ರಕರಣದಲ್ಲಿ ಗುತ್ತಿಗೆದಾರನ ಮೇಲಿದ್ದ ಕಲಮಿನ ಬದಲು ಕೊಲೆಯ ಕಲಂ ಸೇರಿತು. ಖಾಲಿ ಬೊಟ್ಟುಗಳ ಬಗ್ಗೆ ಬೇರೆ ವರದಿ ಹೋಯಿತು, ಹಳೆಯ ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಇನ್ಸ್‌ಪೆಕ್ಟರ್ ಮೇಲಿನವರಿಗೆ ಬರೆದರು. ಅಡಿಯಲ್ಲಿ ಸಾಕ್ಷಿಯ ಸಹಿ ಇಲ್ಲದ ಕಾಗದಕ್ಕೆ ಬರುವಂಥ ಉತ್ತರವೇ ಬಂತು: ತೆರೆಯಲು ಆಧಾರವಿಲ್ಲ. ದೋಷಾರೋಪ ಪಟ್ಟಿಯಲ್ಲಿ ಕೊಲೆಯ ಉದ್ದೇಶ ಎಂಬಲ್ಲಿ ದಫೇದಾರರು ರೂಢಿಯಂತೆ ಹಳೆಯ ದ್ವೇಷ ಎಂದು ಬರೆದು ತಂದಿದ್ದರು. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ ಬೇರೆ ಬರೆಯಲು ಕೂತರು. ಗಂಡನ ಹೆಸರಿಗೆ ಅಂಟಿದ ಒಂದು ಮಾತನ್ನು ಅಳಿಸಲಾಗದೆ ಎಂದು ಶುರು ಮಾಡಿ ನಿಲ್ಲಿಸಿದರು.

ಹಾಳೆ ತಿರುವಿ ಎಫ್‌ಐಆರ್ ನೋಡಿದರು. ಪುಟ್ಟಿ ಅಕ್ಕ ತನ್ನ ಗಂಡನಿಗಾಗಿ ಬೇಡಿದ ಸಾಲು ಅಲ್ಲಿ ಮೇಸ್ತ್ರಿಯ ಹೆಸರಿಗೆ ಮೊದಲಲ್ಲೇ ಇತ್ತು, ಸರ್ಕಾರಿ ಮೊಹರಿನ ಸಮೇತ: ಮೃತನು ಮದ್ಯಪಾನ ಮಾಡಿರಲಿಲ್ಲ. ಅದನ್ನು ಬರೆಸುವಾಗ ಅವಳು ಮೇಸ್ತ್ರಿಯ ಹೆಂಡತಿಯ ಪಕ್ಕದಲ್ಲೇ ನೆಲ ನೋಡುತ್ತ ನಿಂತಿದ್ದಳು.