ಎಡಗಡೆಯ ಗೂಡು

"ಮೇಡಂ, ಒಂದ್ಸಲ ಕೈ ಎತ್ತಿ ತೋರಿಸ್ತೀರಾ?"

ನಾಗರತ್ನ ಬೆಚ್ಚಿ ತಲೆ ಎತ್ತಿದಳು. ಚಳ್ಳಕೆರೆಯ ಈ ಟೈಲ್ಸ್ ಅಂಗಡಿಗೆ ಸೇರಿದ ಮೇಲೆ ಗಿರಾಕಿಗಳು ಏನೇನೋ ಕೇಳಿದ್ದರು. ಇಂಥದ್ದನ್ನು ಯಾರೂ ಕೇಳಿರಲಿಲ್ಲ!

"ಯಾಕ್ರೀ?"

"ತಪ್ಪು ತಿಳ್ಕೋಬೇಡ್ರಿ... ಬಚ್ಚಲಲ್ಲಿ ಸೋಪಿಡೋ ಗೂಡು ಎಷ್ಟು ಮೇಲಿರ್ಬೇಕು ಅಂತ ಗೊತ್ತಾಗ್ತಿಲ್ಲ."

ಅವನು ಗೋವರ್ಧನ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ನಲವತ್ತು ಹತ್ತಿರವಿದ್ದರೂ ಮಾತಾಡುವಾಗ ಹುಡುಗನ ಹಾಗೆ ತಡವರಿಸುತ್ತಿದ್ದ.

ಅಂಗಡಿಯ ಯಜಮಾನ ನಾಗಭೂಷಣ ಗಲ್ಲಾದಿಂದಲೇ ನಕ್ಕರು. "ಏನಪ್ಪಾ, ಮನೆಗೆ ಯಾರೋ ಬರಂಗೈತೆ!"

"ಹೂನ್ರಿ. ಬಚ್ಚಲು ಸರಿ ಆದ್ರೆ ಬರ್ತಾರೆ. ಎತ್ತರ ಈ ಮೇಡಮ್ಮಷ್ಟೇ."

ಅವನ ಮುಖದ ಮೇಲೆ ಹರಡಿದ ನಗು ಕಂಡು ನಾಗರತ್ನಳಿಗೆ ಕುತೂಹಲವಾಯಿತು. ಹೆಣ್ಣು ಬರುವ ಮೊದಲೇ ಅವಳ ಕೈ ಎಲ್ಲಿಗೆ ಎಟುಕುತ್ತದೆ ಎಂದು ಯೋಚಿಸುವ ಗಂಡಸೂ ಇರುತ್ತಾನಾ?

ಅವಳು ಕೈ ಎತ್ತಿದಳು. ಅವನು ಗೋಡೆಯ ಮೇಲೆ ಬೆರಳಿಟ್ಟು ಗುರುತು ಮಾಡಿಕೊಂಡ.

ಅದು ಅವನ ಅಜ್ಜನ ಕಾಲದ ಬಚ್ಚಲಂತೆ. ಕಡಪ ಕಲ್ಲು ಸವೆದು ಜಾರುತ್ತಿತ್ತು. ಹಂಡೆ ಒಲೆಯ ಹೊಗೆಗೆ ಗೋಡೆಯೆಲ್ಲ ಕಪ್ಪು. ಹಗಲಲ್ಲೂ ಕತ್ತಲೆ.

"ಎಲ್ಲಾ ಕೆಡವಿ ಕಟ್ಟೋ ಶಕ್ತಿ ಇಲ್ಲ ಮೇಡಂ. ಇರೋದ್ರಲ್ಲೇ ಹೊಸದು ಮಾಡ್ಬೇಕು."

"ಮೇಲಿನ ತಗಡಲ್ಲಿ ಒಂದು ತೆಗೆದು, ಬೆಳಕು ಬೀಳೋ ಫೈಬರ್ ಶೀಟ್ ಹಾಕ್ಸಿ. ಅರ್ಧ ಬಚ್ಚಲು ಅದಕ್ಕೇ ಹೊಸದಾಗುತ್ತೆ. ನೆಲಕ್ಕೆ ಮಾತ್ರ ಒರಟು ಟೈಲ್ಸೇ ಇರ್ಲಿ. ಗೋಡೆಗೆ... ಬನ್ನಿ ತೋರಿಸ್ತೀನಿ."

ಹಿಂದಿನ ಗೋಡೌನಿನಲ್ಲಿ ಯಾರ್ಯಾರದೋ ಮನೆಗೆ ಹೋಗಿ ಮಿಕ್ಕ ಟೈಲ್ಸ್ ಅರ್ಧರ್ಧ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ಯಾವ ಬಣ್ಣವೂ ಒಂದು ಗೋಡೆಗೆ ಸಾಲದು. ಅಗ್ಗಕ್ಕೆ ಕೊಟ್ಟರೂ ಕೇಳುವವರಿರಲಿಲ್ಲ. ಗೋವರ್ಧನ ನೆಲಕ್ಕೆ ಕೂತು ಒಂದೊಂದಾಗಿ ಜೋಡಿಸತೊಡಗಿದ. ಸಾಸಿವೆ ಬಣ್ಣದ ಒಡಲು. ಹಸಿರು ಅಂಚು. ಕೊನೆಗೆ ದಟ್ಟ ಕೆಂಪು.

"ಇದು ಸೆರಗು," ಎಂದ. "ಬಾಗಿಲು ತೆಗೆದ ತಕ್ಷಣ ಕಾಣ್ಬೇಕು."

ಅವಳು ಮೈಮರೆತು ನೋಡುತ್ತಾ ಬಿಲ್ಲು ಬರೆಯುತ್ತಿದ್ದಳು. ಅವನ ಕಣ್ಣು ತನ್ನ ಕೈ ಮೇಲಿರುವುದು ಗೊತ್ತಾದದ್ದೇ, ಪೆನ್ನನ್ನು ತಟ್ಟನೆ ಎಡಗೈಯಿಂದ ಬಲಗೈಗೆ ಬದಲಿಸಿದಳು. ಅಕ್ಷರಗಳು ಸೊಟ್ಟಗಾದವು.

ಗಂಡನ ಮನೆ ಕಲಿಸಿದ ಅಭ್ಯಾಸವದು. 'ಎಡಗೈಲಿ ಬಡಿಸ್ತೀಯಾ? ಎಡಗೈಲಿ ದೀಪ ಹಚ್ತೀಯಾ?' ಎಂದು ಅತ್ತೆ ಸೌಟಿನಿಂದ ಬೆರಳ ಮೇಲೆ ಹೊಡೆಯುತ್ತಿದ್ದರು. ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆ ಮನೆ ಬಿಟ್ಟು, ಕೋರ್ಟಿನಿಂದ ಬಿಡುಗಡೆಯೂ ಸಿಕ್ಕಿ, ಈಗ ಅಕ್ಕನ ಮನೆಯಲ್ಲಿದ್ದಳು. ಆದರೆ ನಾಲ್ಕು ಜನರೆದುರು ಎಡಗೈ ಈಗಲೂ ತಾನಾಗಿಯೇ ಬೆನ್ನ ಹಿಂದೆ ಸರಿಯುತ್ತಿತ್ತು.

ಗೋವರ್ಧನ ಮತ್ತೆ ಮತ್ತೆ ಬಂದ. ಒಮ್ಮೆ ನಲ್ಲಿಗೆ, ಒಮ್ಮೆ ಚಿಲಕಕ್ಕೆ, ಒಮ್ಮೆ ಗೋಡೆಗೆ ಹಾಕುವ ಹಿಡಿಕೆಗೆ. ಬಂದಾಗಲೆಲ್ಲ ಒಂದು ಪ್ರಶ್ನೆ.

"ಹೆಂಗಸ್ರು ಸ್ನಾನಕ್ಕೆ ಹೋದಾಗ ಒಣಗಿದ ಸೀರೆ ಎಲ್ಲಿ ಹಾಕ್ತಾರ್ರೀ, ನೆನೀದಂಗೆ?"

"ಬಾಗಿಲ ಹಿಂದೆ, ಮೇಲ್ಗಡೆ. ಚೂಪು ಮೊಳೆ ಬೇಡ, ಸೀರೆ ಹರಿಯುತ್ತೆ."

ಊರಿಗೆಲ್ಲ ಬಚ್ಚಲು ಚೆಂದ ಮಾಡಿಕೊಡುವ ಅವಳು ಅಕ್ಕನ ಮನೆಯಲ್ಲಿ ಎಲ್ಲರ ನಂತರ ಸ್ನಾನಕ್ಕೆ ಹೋಗುತ್ತಿದ್ದಳು. ಎರಡು ಚೊಂಬು ಹಾಕಿಕೊಳ್ಳುವಷ್ಟರಲ್ಲಿ ಭಾವ ಬಾಗಿಲು ಬಡಿಯುತ್ತಿದ್ದರು. "ಆಯ್ತೇನಮ್ಮಾ?"

'ಯಾರೇ ನೀನು, ಇಷ್ಟು ಪುಣ್ಯ ಮಾಡಿದವಳು?' ಕಾಣದ ಆ ಹೆಣ್ಣನ್ನು ಮನಸ್ಸಿನಲ್ಲೇ ಕೇಳಿದಳು. ಕೇಳಿದ್ದು ಹೊಟ್ಟೆಕಿಚ್ಚಿನಿಂದ ಎಂದು ತಿಳಿದು ನಾಚಿದಳು... ಇಲ್ಲ, ಆ ಕಡೆ ಯೋಚಿಸಲೇಬಾರದು!

ಆಮೇಲೆ ಅವನು ಬರುವುದು ನಿಂತಿತು. ಅಂಗಡಿಯ ಬಾಗಿಲಲ್ಲಿ ನೆರಳಾದಾಗಲೆಲ್ಲ ಅವಳ ಕಣ್ಣು ಅತ್ತ ಹೋಗಿ ಸುಮ್ಮನೆ ವಾಪಸಾಗುತ್ತಿತ್ತು. 'ಮದುವೆ ಆಗಿರಬೇಕು' ಎಂದುಕೊಂಡಳು.

ಒಂದು ಬೆಳಿಗ್ಗೆ ನಾಗಭೂಷಣ ಫೋನು ಇಟ್ಟು ಗೊಣಗಿದರು. "ಆ ಮೊಳಕಾಲ್ಮುರು ಗೋವರ್ಧನ. ಡಿಸೈನು ಉಲ್ಟಾ ಬಂದೈತಂತೆ, ಮೇಡಮ್ಮೇ ಬಂದು ನೋಡ್ಬೇಕಂತೆ. ಹೋಗಿ ಬಾರಮ್ಮ. ಏನೇ ಆಗ್ಲಿ, ಗೋಡೆಗೆ ಹಾಕಿದ್ದು ವಾಪಸ್ ತಗೊಳ್ಳಂಗಿಲ್ಲ ಅಂತ ಖಡಕ್ಕಾಗಿ ಹೇಳು."

ಬಸ್ಸಿನ ಕಿಟಕಿಯಾಚೆ ಶೇಂಗಾ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಅವಳು ಎದೆ ಗಟ್ಟಿ ಮಾಡಿಕೊಂಡಳು. ಹೊಸ ಸೊಸೆ ಬಾಗಿಲು ತೆರೆದರೆ, ನಕ್ಕು ಮಾತಾಡಬೇಕು.

ಬಾಗಿಲು ತೆರೆದದ್ದು ಕೋಲೂರಿಕೊಂಡ ಒಬ್ಬ ಮುದುಕಿ. ಸರಿಯಾಗಿ ನಾಗರತ್ನಳಷ್ಟೇ ಎತ್ತರ!

"ರಾ ತಲ್ಲೀ, ಒಳಗ್ ಬಾರಮ್ಮ. ನಾನು ಯರ್ರಮ್ಮ, ಇವನ ಅವ್ವ. ಆ ಬಚ್ಚಲಲ್ಲಿ ಜಾರಿ ಬಿದ್ದು, ಇಷ್ಟು ದಿನ ಪರಶುರಾಂಪುರದಾಗೆ ಮಗಳ ಮನೇಲಿದ್ದೆ. ಮೊನ್ನೆ ಕರ್ಕೊಂಬಂದ. ನೀ ಆರಿಸಿದ ನೆಲ ಜಾರಂಗಿಲ್ಲ ಕಣಮ್ಮ."

"ಮತ್ತೆ... ಮನೆಗೆ ಬರೋರು ಅಂದಿದ್ದು?"

"ನಾನೇ! ಇನ್ಯಾರು ಬರ್ತಾರೆ ಇವನ ಮನೆಗೆ? ಸೂತ್ರದ ಗೊಂಬೆ ಇದ್ದಂಗೆ ಮಗ್ಗದ ಮುಂದೆ ಕೂತಿರ್ತಾನೆ."

ನಾಗರತ್ನಳ ಎದೆಯೊಳಗೆ ಏನೋ ಸಡಿಲವಾಯಿತು.

ಬಚ್ಚಲಿನ ಬಾಗಿಲಲ್ಲಿ ಗಾರೆ ಕೆಲಸದ ಪೆದ್ದಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಲೇ ಗೋವರ್ಧನ, ನೀ ಬರ್ಕೊಟ್ಟಂಗೇ ಹಾಕೀನಿ. ನನ್ನ ಬೈಬ್ಯಾಡ!"

ಅವಳು ಒಳಗೆ ಕಾಲಿಟ್ಟಳು. ಫೈಬರ್ ಶೀಟಿನಿಂದ ಬಿಸಿಲು ಸೋಸಿ ಬಂದು, ತಾಮ್ರದ ಹಂಡೆ ಹೊಳೆಯುತ್ತಿತ್ತು. ಗೋಡೆ ತುಂಬ ಸಾಸಿವೆ ಬಣ್ಣದ ಸೀರೆ ಹರಡಿದಂತಿತ್ತು. ಆದರೆ ಕೆಂಪು ಸೆರಗು ಬಾಗಿಲ ಕಡೆ ಬರದೆ ಹಂಡೆಯ ಮೂಲೆಗೆ ಹೋಗಿತ್ತು.

ಗೋವರ್ಧನ ತಲೆ ಕೆರೆದುಕೊಂಡ. "ನಮ್ಮ ಮಗ್ಗದಾಗೆ ಸೀರೆಯ ಹಿಂಬದಿ ಮೇಲಿರ್ತೈತೆ. ದಿನಾ ಉಲ್ಟಾನೇ ನೋಡೋ ಕಣ್ಣು ನೋಡ್ರಿ... ಕಾಗದದ ಮೇಲೂ ಉಲ್ಟಾನೇ ಬರ್ದುಬಿಟ್ಟೆ."

ಅವಳು ಜೋರಾಗಿ ನಕ್ಕಳು. ನಗುತ್ತಲೇ ಕಣ್ಣು ಎಡಗೋಡೆಯ ಮೇಲೆ ನಿಂತಿತು. ಅಲ್ಲೊಂದು ಪುಟ್ಟ ಗೂಡು. ಪಕ್ಕದಲ್ಲಿ ಚೊಂಬು ತೂಗುಹಾಕಲು ಕೊಕ್ಕೆ.

"ಅಯ್ಯೋ, ಗೂಡೂ ಉಲ್ಟಾ ಆಯ್ತಲ್ಲ. ಅಮ್ಮನಿಗೆ ಕಷ್ಟ ಆಗಲ್ವಾ?"

"ಅವ್ವನ ಗೂಡು ಬಲಗಡೆ ಐತೆ ನೋಡ್ರಿ."

ಹೌದು, ಬಲಗಡೆಯೂ ಒಂದಿತ್ತು. ಅದರಲ್ಲಿ ಸೋಪು, ಸೀಗೆಪುಡಿಯ ಡಬ್ಬಿ. ಎಡಗಡೆಯದು ಖಾಲಿ.

"ಹಾಗಾದ್ರೆ ಇದು...?"

ಪೆದ್ದಣ್ಣ ಕೆಮ್ಮಿ, "ಅವ್ವಾ, ಟೀ ಆಯ್ತೇನು?" ಎನ್ನುತ್ತಾ ಮೆಲ್ಲಗೆ ಜಾರಿಕೊಂಡ.

ಗೋವರ್ಧನ ನೆಲ ನೋಡುತ್ತಾ ಹೇಳಿದ. "ಇದು ಕಾಗದದಾಗೆ ಇರಲಿಲ್ಲ. ಪೆದ್ದಣ್ಣನ ಪಕ್ಕ ನಿಂತು ಹೇಳಿ ಇಡಿಸ್ದೆ. ಅವತ್ತು ನೀವು ಪೆನ್ನು ಬದಲಾಯಿಸಿದ್ರಲ್ಲ... ನಾನು ನೋಡ್ದೆ ಅಂತ. ನನಗೆ ಸಂಕಟ ಆಯ್ತು. ಈ ಮನೇಲಿ ಆ ಕೈ ಬಚ್ಚಿಡ್ಬೇಕಾಗಿಲ್ಲ ಅಂತ ಹೇಳ್ಬೇಕಿತ್ತು. ಬಾಯಿಗೆ ಧೈರ್ಯ ಬರಲಿಲ್ಲ."

ಅವಳಿಗೆ ಗೂಡು ಮಂಜುಮಂಜಾಗಿ ಕಂಡಿತು.

"ನನ್ನ ವಿಷಯ ಎಲ್ಲಾ ಗೊತ್ತಾ ನಿಮಗೆ? ನಾನು ಒಂದು ಮನೆ ಬಿಟ್ಟು ಬಂದವಳು."

"ನಾಗಭೂಷಣಣ್ಣ ಹೇಳಿದಾರೆ. ಅವ್ವಂಗೂ ಹೇಳೀನಿ."

"ಏನಂದ್ರು?"

"ಗೂಡು ಇನ್ನೊಂಚೂರು ದೊಡ್ಡದು ಇಡಿಸ್ಬೇಕಿತ್ತು ಅಂದ್ಲು."

ನಾಗರತ್ನ ನಗುತ್ತಾ ಕಣ್ಣೊರೆಸಿಕೊಂಡಳು. ಕಣ್ಣೊರೆಸಿದ್ದು ಎಡಗೈಯೇ. ಅದೇ ಕೈಯನ್ನು ಎತ್ತಿ ಗೂಡಿನಲ್ಲಿಟ್ಟಳು. ಭುಜ ಎಳೆಯದೆ, ತುದಿಗಾಲಲ್ಲಿ ನಿಲ್ಲದೆ, ನೆಟ್ಟಗೆ ಎಟುಕಿತು.

"ಸೆರಗು ಕಿತ್ತು ಸರಿಯಾಗಿ ಹಾಕಿಸ್ಲಾ?" ಅವನು ಕೇಳಿದ.

"ಬೇಡ, ಹಾಗೇ ಇರ್ಲಿ. ಬಾಗಿಲಲ್ಲಿ ನಿಂತವರಿಗೆ ಯಾಕೆ? ಸ್ನಾನ ಮಾಡೋರಿಗೆ ಎದುರಿಗೇ ಕಾಣುತ್ತೆ." ಅವಳು ಗೂಡಿನಿಂದ ಕೈ ತೆಗೆಯಲಿಲ್ಲ. "ಯಜಮಾನ್ರು ಒಂದು ಮಾತು ಹೇಳಿ ಕಳಿಸಿದಾರೆ. ಗೋಡೆಗೆ ಹಾಕಿದ್ದು ವಾಪಸ್ ತಗೊಳ್ಳಂಗಿಲ್ವಂತೆ."

"ಈ ಗೂಡೂನಾ?"

"ಇದನ್ನ ಅವರು ಕೇಳಿದ್ರೂ ನಾನು ಕೊಡಲ್ಲ."