ಗೆರೆಯಾಚೆ ನಿಂತ ಗಾಡಿ

"ಆ ಅಜ್ಜಿ ಮನೆಯಿಂದ ಎರಡೇ ಬೀದಿ ಆಚೆ ನಿಂತಿದ್ದೆ ಮೇಡಂ. ನನ್ನನ್ನ ಬಿಟ್ಟು ಊರಾಚೆಯಿಂದ ಗಾಡಿ ಕಳಿಸಿದ್ರಲ್ಲ, ಯಾಕೆ?"

ಕಂಟ್ರೋಲ್ ರೂಮಿನಲ್ಲಿ ಆಂಬ್ಯುಲೆನ್ಸ್ ಚಾಲಕ ಅವಳ ಮೇಜಿನ ಮುಂದೆ ನಿಂತಿದ್ದ. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು.

ಕರೆ ಬಂದ ಮನೆಗೆ ಅತಿ ಹತ್ತಿರದ ಗಾಡಿಯನ್ನು ಹುಡುಕುವ ಪ್ರೋಗ್ರಾಂ ಬರೆದವಳು ಅವಳೇ. ಹಿಂದಿನ ದಿನ ಎದೆನೋವಿನ ಅಜ್ಜಿಯೊಬ್ಬರು ಅರ್ಧ ಗಂಟೆ ಕಾದಿದ್ದರು. ಜೀವ ಉಳಿದಿತ್ತು, ಪುಣ್ಯ. ಚಾಲಕನೇ ಜಿಪಿಎಸ್ ಆಫ್ ಮಾಡಿರಬೇಕು ಎಂದು ಅವಳು ವರದಿಯಲ್ಲಿ ಬರೆದಿದ್ದಳು. ಮೇಲಧಿಕಾರಿ ಅವನನ್ನು ಗಾಡಿಯಿಂದ ಇಳಿಸಿ, ಕೆಲಸದಲ್ಲಿಟ್ಟುಕೊಳ್ಳುವುದೋ ಬಿಡುವುದೋ ವಾರದಲ್ಲಿ ಹೇಳುತ್ತೇನೆ ಎಂದಿದ್ದರು.

'ತಪ್ಪು ಮಾಡಿದವರೆಲ್ಲ ಹೀಗೇ ಹೇಳ್ತಾರೆ...'

ನನ್ನ ತಪ್ಪಿಲ್ಲ ಎಂದು ಹೇಳಿ ಹೇಳಿಯೇ ಗಂಡ ಅವಳನ್ನು ಬಿಟ್ಟುಹೋಗಿ ಆರು ವರ್ಷ. ಮಗಳು, ಕೆಲಸ, ಮತ್ತೆ ಮಗಳು. ಇನ್ನೊಬ್ಬರನ್ನು ನಂಬುವಷ್ಟು ತ್ರಾಣ ಎಲ್ಲಿತ್ತು?

ಆದರೂ ಅವನು ದಿನಾ ಬಂದ. ಕೂಗಾಡಲಿಲ್ಲ. ತಾನು ನಿಂತ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಟ್ಟ. ಅವಳ ಟೀ ಆರಿದ್ದು ಕಂಡರೆ ಬೇರೆ ತಂದಿಟ್ಟ.

ನಾಲ್ಕನೇ ದಿನ ನಕ್ಷೆಯ ಮೇಲೆ ಬೆರಳಿಟ್ಟು, ಈ ಗೆರೆ ಏನು ಎಂದು ಕೇಳಿದ.

ಅವಳು ವಿವರಿಸಿದಳು. ಊರನ್ನು ಮೊದಲು ಪೂರ್ವ-ಪಶ್ಚಿಮವಾಗಿ ಸೀಳುವುದು, ಒಂದೊಂದು ಭಾಗವನ್ನೂ ಉತ್ತರ-ದಕ್ಷಿಣವಾಗಿ, ಮತ್ತೆ ಹಾಗೆಯೇ... ಕವಲೊಡೆಯುವ ಮರದಂತೆ. ಕರೆ ಬಂದ ಕಡೆಯ ಕೊಂಬೆಯಲ್ಲಿ ಹುಡುಕಿದರೆ ಊರಿನ ಗಾಡಿಗಳನ್ನೆಲ್ಲ ಜಾಲಾಡಬೇಕಿಲ್ಲ.

"ಮನೆ ಗೆರೆ ಈಚೆ, ಗಾಡಿ ಆಚೆ ಇದ್ರೆ?"

ಅವಳು ತಾನು ಬರೆದ ಪ್ರೋಗ್ರಾಂ ತೆರೆದಳು. ಸಿಕ್ಕ ಗಾಡಿಗಿಂತ ಗೆರೆಯೇ ಮನೆಗೆ ಹತ್ತಿರವಿದ್ದರೆ ಆಚೆ ಕೊಂಬೆಯನ್ನೂ ನೋಡಬೇಕು. ವೇಗ ಸಾಲದೆಂದು ಹಾಗೆ ನೋಡಿಸುವ ಸಾಲನ್ನು ಪ್ರೋಗ್ರಾಂನಿಂದ ಅಳಿಸಿದ್ದವಳು ಅವಳೇ. ಮಗಳಿಗೆ ಜ್ವರ ಬಂದಿದ್ದ ವಾರ, ಕಣ್ಣು ಬಿಡಲಾಗದ ಆಯಾಸದಲ್ಲಿ.

ಮುಚ್ಚಿಡಬಹುದಿತ್ತು. ತನ್ನ ಕೆಲಸವೇ ಹೋದರೆ ಮಗಳ ಗತಿ?

ಎದುರಿಗೆ ಅವನು ಖಾಲಿ ಲೋಟ ಹಿಡಿದು ಕೂತಿದ್ದ. ಅಂದೇ ಬರೆದುಕೊಟ್ಟಳು: ತಪ್ಪು ನನ್ನದು, ಚಾಲಕನದಲ್ಲ. ಮೇಲಧಿಕಾರಿ ಬಾಯಿಗೆ ಬಂದಂತೆ ಬೈದರು, ಬಡ್ತಿ ತಡೆದರು. ಕೆಲಸ ಉಳಿಯಿತು.

ಅವನು ಗಾಡಿಗೆ ಮರಳಿದ. ಅವಳ ಟೀ ಮತ್ತೆ ಆರತೊಡಗಿತು. ಒಂಬತ್ತು ದಿನ.

'ಬಂದ ಕೆಲಸ ಮುಗೀತು, ಹೋದ. ಅಷ್ಟೇ...'

ಹತ್ತನೇ ದಿನ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಆಗಲೇ ಬಂದಿದ್ರೆ ಉಪಕಾರ ತೀರ್ಸೋಕೆ ಬಂದ ಅಂತಿದ್ರಿ. ಅದಕ್ಕೇ ತಡ ಮಾಡಿದೆ. ಒಬ್ಬನೇ ಕುಡಿದ್ರೆ ಟೀ ಸೇರ್ತಿಲ್ಲ ಮೇಡಂ."

ಅವಳು ಪರದೆಯಿಂದ ಕಣ್ಣು ತೆಗೆದಳು.

"ನನಗೊಬ್ಬಳು ಮಗಳಿದ್ದಾಳೆ."

"ಗೊತ್ತು. ಅವಳಿಗೆ ಹಾಲು ತರ್ತೀನಿ."

ಅವಳು ಪಕ್ಕದ ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ನೆಲಕ್ಕಿಟ್ಟಳು.

"ಮೇಡಂ ಅನ್ನೋದು ಬಿಡಿ. ಕೂತ್ಕೊಳ್ಳಿ... ಟೀ ಆರುತ್ತೆ."