ಹನ್ನೊಂದೂವರೆಯ ಕಿಡಿ

ಕುಶಲಾ ಮಾರ್ಕೆಟ್ಟಿನಿಂದ ಬಂದು ನೋಡಿದರೆ ಪಾರ್ಕಿಂಗಿನಲ್ಲಿ ಅವಳ ಎಲೆಕ್ಟ್ರಿಕ್ ರಿಕ್ಷಾದ ಚಾರ್ಜರ್ ಪೆಟ್ಟಿಗೆ ಸುಟ್ಟು ಕರಕಲಾಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಒಂದು ಪೆಟ್ಟಿಗೆಗಾಗಿ ಎಂಟು ತಿಂಗಳು ಅಲೆದಿದ್ದಳು: ವಿದ್ಯುತ್ ಕಚೇರಿಯ ಮಂಜೂರಾತಿ, ಬೇರೆ ಮೀಟರ್, ಕೊನೆಗೆ ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಪತ್ರ. ಕಟ್ಟಡದ ವಿದ್ಯುತ್ ಲೋಡಿನಲ್ಲಿ ಇದ್ದದ್ದೇ ಒಂದು ಚಾರ್ಜರಿಗೆ ಜಾಗ. ಅವಳ ನಂತರ ಅರ್ಜಿ ಹಾಕಿದವರು ಕಾಯುತ್ತಿದ್ದರು. ಚಾರ್ಜರ್ ಹೋದರೆ ಅವಳ ಗೂಡ್ಸ್ ರಿಕ್ಷಾ ಬೈಕಂಪಾಡಿಯ ಕಾರ್ಖಾನೆಗಳಿಗೆ ತಿಂಡಿ ಒಯ್ಯುವುದೂ ನಿಂತಂತೆಯೇ.

ಸಂಜೆಯೇ ಸಂಘದ ಕಾರ್ಯದರ್ಶಿ ತಾರಾನಾಥ ಪಾರ್ಕಿಂಗಿನಲ್ಲೇ ಸಭೆ ಕರೆದ. "ಹನ್ನೊಂದೂವರೆಗೆ ಚಾರ್ಜರಿನಿಂದ ಕಿಡಿ ಹಾರಿದ್ದನ್ನು ನಾನೇ ಕಣ್ಣಾರೆ ಕಂಡೆ. ಬೆಂಕಿ ನಂದಿಸಿದ್ದೂ ನಾನೇ. ಪತ್ರ ರದ್ದು ಮಾಡುವ. ಕಟ್ಟಡವನ್ನೇ ಸುಡ್ತಾಳೆ ಇವಳು!"

ಕುಶಲಾಳಿಗೆ ಸಂಶಯವಿದ್ದದ್ದು ಪಾರ್ಕಿಂಗ್ ಕಾಯಬೇಕಾದ ವಾಚ್‌ಮನ್ ಮಾಯಿಲಪ್ಪನ ಮೇಲೆ. ಮೂರನೇ ಮಾಳಿಗೆಯ ಗೆರ್ಟ್ರೂಡ್ ಬಾಯಿ ಅವನನ್ನೇ ಮೊದಲು ಕರೆದರು. ನಿವೃತ್ತ ವಿಜ್ಞಾನ ಟೀಚರ್ ಅವರು; ಆ ಕಟ್ಟಡದಲ್ಲಿ ಏನು ಕಳವಾದರೂ ಪತ್ತೆ ಮಾಡುವವರು ಅವರೇ.

"ನೀನು ಎಲ್ಲಿದ್ದೆ?"

"ಹನ್ನೊಂದಕ್ಕೇ ಸೆಕ್ರೆಟರಿ ನನ್ನನ್ನು ಕುದ್ರೋಳಿಗೆ ಕಳಿಸಿದ್ರು ಬಾಯಿ. ಒಂದು ಗಂಟೆಗೆ ಬಂದೆ. ಪಂಪ್ ಓಡ್ಲಿಲ್ಲ. ನೀರಿಲ್ಲ ಅಂತ ಎಲ್ಲರೂ ನನಗೇ ಬೈದ್ರು."

ಬಾಯಿ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆ ಬಿಚ್ಚಿದರು. ಹೊರಗೆಲ್ಲ ಮಸಿ, ಒಳಗಿನ ವಯರುಗಳಿಗೆ ಏನೂ ಆಗಿರಲಿಲ್ಲ.

"ತಾರಾನಾಥರೇ, ಹನ್ನೊಂದೂವರೆ ಖಂಡಿತವಾ?"

"ಖಂಡಿತ! ಟಿವಿಯಲ್ಲಿ ಮ್ಯಾಚ್ ನೋಡ್ತಾ ಇದ್ದೆ, ಕಿಟಕಿಯಿಂದ ಕಂಡಿತು."

"ಒಳಗೆ ಕಿಡಿ ಎದ್ದಿದ್ರೆ ಮೊದಲು ವಯರ್ ಸುಡಬೇಕಿತ್ತು. ಇದಕ್ಕೆ ಹೊರಗಿನಿಂದ ಬೆಂಕಿ ಕೊಟ್ಟದ್ದು. ಮತ್ತೆ, ಪಂಪ್ ಯಾಕೆ ಓಡ್ಲಿಲ್ಲ? ಲೈನ್ ಕೆಲಸ ಅಂತ ಹತ್ತರಿಂದ ಎರಡರ ತನಕ ನಮ್ಮ ಇಡೀ ಮಣ್ಣಗುಡ್ಡಕ್ಕೇ ಕರೆಂಟ್ ಇರ್ಲಿಲ್ಲ. ನಿಮ್ಮ ಮನೆಯಲ್ಲಿ ಟಿವಿ, ಏಸಿ ಎಲ್ಲದಕ್ಕೂ ಇನ್ವರ್ಟರ್ ಉಂಟು, ಕರೆಂಟ್ ಹೋದದ್ದೇ ನಿಮಗೆ ಗೊತ್ತಾಗ್ಲಿಲ್ಲ. ಕರೆಂಟೇ ಇಲ್ಲದ ಚಾರ್ಜರಿನಿಂದ ಎಂತ ಕಿಡಿ ಮಾರಾಯ್ರೆ?"

ಥೂ, ಎಲ್ಲರಿಗೂ ಗೊತ್ತಿದ್ದ ವಿಷಯ, ಒಬ್ಬರಿಗೂ ಹೊಳೆದಿರಲಿಲ್ಲ.

"ಅರ್ಜಿಗಳ ಪಟ್ಟಿಯಲ್ಲಿ ಕುಶಲಾಳ ನಂತರದ್ದು ನಿಮ್ಮ ಮಗ ತುಷಾರನ ಹೆಸರು," ಎಂದರು ಬಾಯಿ. "ಇವಳದ್ದು ರದ್ದಾದ್ರೆ ಆ ಜಾಗ ಅವನಿಗೆ. ಅದಕ್ಕೇ ನೀವು ವಾಚ್‌ಮನ್ನನ್ನು ದೂರ ಕಳಿಸಿದ್ದು."

ತಾರಾನಾಥನ ಮುಖ ಕಪ್ಪಿಟ್ಟಿತು. "ಬುದ್ಧಿ ಕೆಟ್ಟಿತ್ತು ಮಾರಾಯ್ತಿ. ಹೊಸ ಚಾರ್ಜರ್ ಹಾಕಿಸಿ ಕೊಡ್ತೇನೆ. ಪೊಲೀಸ್ ಎಲ್ಲ ಯಾಕೆ?"

"ಹಾಕಿಸಿ ಕೊಡುವುದು ಹೇಗೂ ಉಂಟು," ಎಂದಳು ಕುಶಲಾ. "ಕಟ್ಟಡ ಸುಡುವವಳು ನಾನಂತೆ! ಇನ್ನೊಮ್ಮೆ ಹೇಳಿ, ಪೊಲೀಸರ ಎದುರು."

ಪತ್ರ ಹಾಗೆಯೇ ಇರಲಿ ಎಂದು ಸಭೆಯವರು ಕೈಯೆತ್ತಿದರು. ಆ ಕೈಗಳನ್ನು ನೋಡಲೂ ನಿಲ್ಲದೆ ಅವಳು ರಿಕ್ಷಾ ಹತ್ತಿದಳು. ಬೈಕಂಪಾಡಿ ತನಕ ಓಡುವಷ್ಟು ಚಾರ್ಜ್ ಅದರಲ್ಲಿರಲಿಲ್ಲ. ಠಾಣೆಗೆ ಸಾಕಿತ್ತು.